ಗಡ್ಡೆ ಹೊರಗೆ, ಗರ್ಭಕೋಶ ಒಳಗೆ

ಪರದೆಯ ಮೇಲೆ ಗರ್ಭಕೋಶ ನೋಡನೋಡುತ್ತಲೇ ಬಿಳಿಚಿಕೊಳ್ಳುತ್ತದೆ. ಒಂದು ಗಳಿಗೆ ಮುಂಚೆ ರಕ್ತ ತುಂಬಿ ಕೆಂಪಗೆ ಮಿನುಗುತ್ತಿದ್ದ ಸ್ನಾಯು ಅದು! ವ್ಯಾಸೋಪ್ರೆಸಿನ್ ಎಂಬ ಔಷಧವನ್ನು ತೆಳುಮಾಡಿ ಸೂಜಿಯಿಂದ ಚುಚ್ಚಿದರು, ಅಷ್ಟೇ. ರಕ್ತನಾಳಗಳೆಲ್ಲ ಮುದುಡಿಕೊಂಡವು. ಈಗ ಗರ್ಭಕೋಶದ ಗೋಡೆಯ ಮೇಲೆ ಒಂದು ಗೀರು. ಗೀರು ಬಾಯಿ ಬಿಡುತ್ತಿದ್ದಂತೆ ಒಳಗಿನಿಂದ ಬೆಳ್ಳನೆಯ, ಗಟ್ಟಿಯಾದ, ದುಂಡನೆಯ ಗಡ್ಡೆ ಇಣುಕುತ್ತದೆ. ತಿರುಪೊಂದು ಅದರೊಳಕ್ಕೆ ಹೊಕ್ಕು ಮೇಲಕ್ಕೆ ಜಗ್ಗುತ್ತದೆ. ಆಗ ನೋಡಬೇಕು! ಹಣ್ಣಾದ ಅರೇಬಿಕಾ ಕಾಫಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಲೋಳೆ ಮೆತ್ತಿದ ಬೀಜ ಪುಳಕ್ಕನೆ ಚಿಮ್ಮಿ ಬರುತ್ತದಲ್ಲ, ಮೂಡಿಗೆರೆಯ ತೋಟದ ಮಕ್ಕಳಿಗೆಲ್ಲ ಗೊತ್ತಿರುವ ಆಟ, ಥೇಟ್ ಹಾಗೇ ಗಡ್ಡೆ ತನ್ನ ಸುತ್ತಲಿನ ಪದರದಿಂದ ಕಳಚಿಕೊಂಡು ಆಚೆ ಬರುತ್ತದೆ. ಗರ್ಭಕೋಶ ಮಾತ್ರ ಇದ್ದಲ್ಲೇ ಇರುತ್ತದೆ!

ಇಷ್ಟೂ ನಡೆಯುವುದು ಹೊಟ್ಟೆಯ ಮೇಲಿನ ಮೂರು ನಾಲ್ಕು ತೂತುಗಳ ಮೂಲಕ. ಹೊಕ್ಕುಳ ಬಳಿಯದು ಒಂದು ಸೆಂಟಿಮೀಟರ್, ಮಿಕ್ಕವು ಅದರ ಅರ್ಧ. ಈ ಶಸ್ತ್ರಚಿಕಿತ್ಸೆಯ ವಿಡಿಯೋವನ್ನು ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಏಕೆಂದರೆ ಮಲೆನಾಡಿನ ಕಳಸ, ಬಾಳೂರು, ಆಲ್ದೂರು ಕಡೆಯ ಮನೆಗಳಲ್ಲಿ ನಾನು ಕೇಳುತ್ತ ಬೆಳೆದದ್ದು ಒಂದೇ ಮಾತು: "ಗಡ್ಡೆ ಇದೆಯಂತೆ, ಗರ್ಭಕೋಶ ತೆಗೆಸಿಬಿಡು." ಗಡ್ಡೆ ಬೇರೆ, ಗರ್ಭಕೋಶ ಬೇರೆ, ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬಹುದು ಎಂದು ಯಾರೂ ಹೇಳಿದ್ದಿಲ್ಲ.

ಏನು ಈ ಗಡ್ಡೆ? ಡಾಕ್ಟರು ಫೈಬ್ರಾಯ್ಡ್ ಎನ್ನುವ ಇದು ಗರ್ಭಕೋಶದ ಸ್ನಾಯುವಿನದೇ ಬೆಳವಣಿಗೆ. ಪ್ರತಿ ಗಡ್ಡೆಯೂ ಒಂದೇ ಒಂದು ಜೀವಕೋಶದಿಂದ ಹುಟ್ಟಿದ್ದು! 2011ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಪರೀಕ್ಷಿಸಿದ ಗಡ್ಡೆಗಳಲ್ಲಿ ಸುಮಾರು ಶೇ. 70ರಲ್ಲಿ ಎಂಇಡಿ12 ಎಂಬ ಒಂದೇ ಜೀನ್ ಕೆಟ್ಟಿತ್ತು. ಗಡ್ಡೆ ಕಡಲೆ ಗಾತ್ರದಿಂದ ಕುಂಬಳಕಾಯಿ ಗಾತ್ರದವರೆಗೂ ಬೆಳೆಯಬಲ್ಲದು. ಇದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಈಸ್ಟ್ರೋಜನ್, ಪ್ರೊಜೆಸ್ಟೆರೋನ್ ಹಾರ್ಮೋನುಗಳಿಂದ ಬೆಳೆಯುತ್ತದೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ತೊಂದರೆ ಕೊಡದಿದ್ದರೆ ಮುಟ್ಟಲೂ ಬೇಕಿಲ್ಲ.

ಆದರೆ ತೊಂದರೆ ಕೊಡುವಾಗ ಅದು ಹೆಂಗಸಿನ ಜೀವವನ್ನೇ ಹಿಂಡುತ್ತದೆ. ತಿಂಗಳು ತಿಂಗಳೂ ಹೆಪ್ಪುಹೆಪ್ಪಾಗಿ ರಕ್ತ ಹೋಗುತ್ತದೆ, ಅದರಿಂದ ರಕ್ತಹೀನತೆ ಅಂಟಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ. ಕಾಫಿ ತೋಟದ ಲೈನ್ ಮನೆಯಿಂದ ಬೆಳಿಗ್ಗೆ ಕೊಯ್ಲಿಗೆ ಇಳಿದು, ಸಂಜೆ ಹಣ್ಣಿನ ಮೂಟೆ ಹೊತ್ತು ತೂಕಕ್ಕೆ ನಿಲ್ಲುವ ಹೆಂಗಸು ಏದುಸಿರು ಬಿಟ್ಟರೆ, ಏರಿನ ದಾರಿಯಿಂದ ಎಂದುಕೊಳ್ಳುತ್ತಾಳೆ. ಕೆಲವು ಸಲ ಕಾರಣ ಏರಲ್ಲ, ಒಳಗಿನ ಗಡ್ಡೆ.

ಗರ್ಭಕೋಶ ಉಳಿಸಬೇಕೆಂಬ ಹಟ ಹಿಡಿದವರಲ್ಲಿ ಲಂಡನ್ನಿನ ಸ್ತ್ರೀರೋಗ ತಜ್ಞ ವಿಕ್ಟರ್ ಬಾನಿ ನನಗೆ ಮರೆಯಲಾಗದ ಮನುಷ್ಯ. ಅವರ ಹೆಂಡತಿಗೆ ಎಳೆಯ ವಯಸ್ಸಿನಲ್ಲೇ ಇದೇ ಗಡ್ಡೆಗಾಗಿ ಗರ್ಭಕೋಶ ತೆಗೆದಿದ್ದರು, ದಂಪತಿಗೆ ಮಕ್ಕಳಾಗಲಿಲ್ಲ. ಬಾನಿ ಮುಂದೆ ಗಡ್ಡೆಯನ್ನಷ್ಟೇ ತೆಗೆಯುವ ಕೆಲಸಕ್ಕೆ ಬದುಕನ್ನೇ ಕೊಟ್ಟರು. ಒಮ್ಮೆ ಒಂದೇ ಗರ್ಭಕೋಶದಿಂದ 225 ಗಡ್ಡೆ ಬಿಡಿಸಿದರು. ಇನ್ನೂರಿಪ್ಪತ್ತೈದು! ಆಗ ಹೊಟ್ಟೆಯನ್ನು ಉದ್ದಕ್ಕೆ ಸೀಳಲೇಬೇಕಿತ್ತು.

ಸೀಳುವುದನ್ನು ತಪ್ಪಿಸಿದ ಕತೆ ಇನ್ನೂ ವಿಚಿತ್ರ. ಹಂಗೆರಿಯ ವೈದ್ಯ ಯಾನೋಶ್ ವೆರೆಶ್ 1930ರ ದಶಕದಲ್ಲಿ ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ತುಂಬಲು ಒಂದು ಸೂಜಿ ಮಾಡಿದರು. ಚರ್ಮ ದಾಟಿ ಪೊಳ್ಳು ಜಾಗ ಸಿಕ್ಕ ಕೂಡಲೇ ಸ್ಪ್ರಿಂಗ್ ಚಿಮ್ಮಿ ಮೊಂಡು ತುದಿ ಮುಂದೆ ಬರುತ್ತದೆ, ಒಳಗಿನ ಅಂಗಕ್ಕೆ ಚುಚ್ಚುವ ಅಪಾಯ ಕಡಿಮೆ. ಇವತ್ತು ಹೊಕ್ಕುಳಿನ ಬಳಿ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸುವುದು ಅದೇ ವೆರೆಶ್ ಸೂಜಿಯಿಂದ. ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಈ ತೂತಿನ ದಾರಿಯಲ್ಲಿ ಗಡ್ಡೆ ತೆಗೆಯತೊಡಗಿದ್ದು 1970ರ ದಶಕದ ಕೊನೆಗೆ. ಅವರ ತಲೆಯನ್ನೇ ಸ್ಕ್ಯಾನ್ ಮಾಡಿಸಬೇಕೆಂದರು ಸಹೋದ್ಯೋಗಿಗಳು! 1980ರಲ್ಲಿ ತೂತಿನಿಂದಲೇ ಅಪೆಂಡಿಕ್ಸ್ ತೆಗೆದಾಗ ವೃತ್ತಿಯಿಂದ ಅಮಾನತು ಮಾಡಿ ಎಂಬ ಕೂಗೂ ಎದ್ದಿತು.

ತೂತಿನಿಂದ ಹೊಟ್ಟೆಯೊಳಗನ್ನು ತೋರಿಸುವ ಈ ಕೊಳವೆ, ಉದರದರ್ಶಕ, ಮಲೆನಾಡಿಗೆ ಹೊಸದೇನಲ್ಲ ಎಂಬುದು ನನ್ನನ್ನು ಇನ್ನಷ್ಟು ಬೆರಗುಗೊಳಿಸುತ್ತದೆ. ಸರ್ಕಾರಿ ಆಸ್ಪತ್ರೆಗಳ ಉದರದರ್ಶಕ ಶಿಬಿರಗಳಲ್ಲಿ ನಮ್ಮ ಅಮ್ಮಂದಿರು, ಅತ್ತೆಯಂದಿರು ಸಂತಾನಹರಣ ಮಾಡಿಸಿಕೊಂಡದ್ದು ಇದರಿಂದಲೇ. ಹೆರಿಗೆ ಸಾಕು ಎಂದವರಿಗೆ ಬಂದ ಅದೇ ಉಪಕರಣ, ಮಗು ಬೇಕು ಎನ್ನುವವಳ ಗರ್ಭಕೋಶವನ್ನು ಉಳಿಸುತ್ತಿದೆ!

ನಿಜವಾದ ಕೈಚಳಕ ಇರುವುದು ಗಡ್ಡೆ ಬಿಡಿಸುವುದರಲ್ಲಲ್ಲ, ಆಮೇಲೆ ಹೊಲಿಯುವುದರಲ್ಲಿ. ಗಡ್ಡೆ ಹೋದ ಗುಳಿಯನ್ನು ಎರಡು ಮೂರು ಪದರಗಳಲ್ಲಿ ಮುಚ್ಚಬೇಕು. ಉದ್ದನೆಯ ಸಲಾಕೆಗಳ ತುದಿಯಲ್ಲಿ, ಪರದೆ ನೋಡಿಕೊಂಡು, ಬಾಗಿದ ಸೂಜಿ ತಿರುಗಿಸಿ! ಹೊಲಿಗೆ ಸಡಿಲಾದರೆ ಮುಂದೆ ಬಸಿರಿನಲ್ಲಿ ಗೋಡೆ ಬಿರಿಯುವ ಅಪಾಯವಿದೆ. ಅದಕ್ಕೇ ಗರ್ಭ ಧರಿಸಲು ಕೆಲವು ತಿಂಗಳು ಕಾಯಿರಿ ಎನ್ನುತ್ತಾರೆ, ಹೆರಿಗೆಗೆ ಅನೇಕರಿಗೆ ಸಿಸೇರಿಯನ್ನೇ ಸೂಚಿಸುತ್ತಾರೆ. ದೊಡ್ಡ ಗಡ್ಡೆ ಪುಟ್ಟ ತೂತಿನಿಂದ ಬರುವುದಾದರೂ ಹೇಗೆ? ಒಳಗೇ ತುಂಡರಿಸಿ. ತುಂಡರಿಸುವ ಯಂತ್ರವು ಗಡ್ಡೆಯಲ್ಲಿ ಅಡಗಿದ್ದ ಕ್ಯಾನ್ಸರನ್ನು ಹೊಟ್ಟೆಯೆಲ್ಲ ಚೆಲ್ಲಬಹುದೆಂದು 2014ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಕ ಎಫ್‌ಡಿಎ ಎಚ್ಚರಿಸಿತು. ಗಡ್ಡೆಯನ್ನು ಚೀಲದೊಳಗಿಟ್ಟು ತುಂಡರಿಸುವ ಕ್ರಮ ಆಮೇಲೆ ಬಲಗೊಂಡಿತು.

ಎಲ್ಲರಿಗೂ ಇದೇ ದಾರಿ ಅಲ್ಲ. ಗಡ್ಡೆ ಗರ್ಭಕೋಶದ ಒಳಪೊಳ್ಳಿಗೆ ಚಾಚಿದ್ದರೆ ಹೊಟ್ಟೆಯ ಮೇಲೆ ತೂತೂ ಬೇಡ, ಯೋನಿಮಾರ್ಗದಿಂದಲೇ ಹಿಸ್ಟರೋಸ್ಕೋಪ್ ಎಂಬ ದರ್ಶಕ ಕೊಳವೆ ಹಾಕಿ ತೆಗೆಯುತ್ತಾರೆ. ತೀರಾ ದೊಡ್ಡವು, ಬಹಳ ಗಡ್ಡೆಗಳು ಇದ್ದರೆ ಹೊಟ್ಟೆ ತೆರೆಯುವುದೇ ಸರಿ. ಉಳಿಸಿದ ಗರ್ಭಕೋಶದಲ್ಲಿ ಹೊಸ ಗಡ್ಡೆ ಹುಟ್ಟಲೂಬಹುದು. ಎಲ್ಲ ತಿಳಿದು, ಗರ್ಭಕೋಶ ತೆಗೆಸುವುದೇ ಒಳ್ಳೆಯದೆಂದು ತಾನಾಗಿ ನಿರ್ಧರಿಸುವ ಹೆಂಗಸಿನ ನಿರ್ಧಾರವೂ ಸರಿಯೇ. ತಿಳಿಸದೆ ತೆಗೆಯುವುದು ತಪ್ಪು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಮೂಡಿಗೆರೆಯವರಿಗೆ ಚಾರ್ಮಾಡಿ ಘಾಟಿ ಇಳಿದರೆ ಮಂಗಳೂರು, ಕಳಸದವರಿಗೆ ಕುದುರೆಮುಖ, ಕಾರ್ಕಳ ದಾಟಿದರೆ ಮಣಿಪಾಲ. ಎರಡೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಚಿಕ್ಕಮಗಳೂರಿಗೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಘಾಟಿ ಇಳಿಯುವ ಮುಂಚೆ ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿರಲಿ. ಗಡ್ಡೆ ಎಷ್ಟಿವೆ, ಎಷ್ಟು ಸೆಂಟಿಮೀಟರ್, ಗೋಡೆಯ ಹೊರಗೋ ನಡುವೆಯೋ ಒಳಪೊಳ್ಳಿನಲ್ಲೋ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಡಾಕ್ಟರ ಮುಂದೆ ಕೂತು ಕೇಳಿ: "ಇದನ್ನಷ್ಟೇ ತೆಗೆಯೋಕೆ ಆಗುತ್ತಾ? ನೀವು ಎಷ್ಟು ಜನಕ್ಕೆ ಮಾಡಿದ್ದೀರಿ?" ತೂತಿನ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಆಮೇಲೂ ಕೆಲವು ವಾರ ಭಾರ ಎತ್ತುವಂತಿಲ್ಲ. ಆ ವಾರಗಳಲ್ಲಿ ಅವಳ ಪಾಲಿನ ಮೂಟೆಯನ್ನು ಬೇರೆಯವರು ಹೊರಬೇಕಾಗುತ್ತದೆ.