ಹಸಿರುಮನೆ ಅನಿಲಗಳ ಸದ್ಬಳಕೆಗೆ ಪ್ಲಾಸ್ಮಾ ತಂತ್ರಜ್ಞಾನ

ಮುಂಬಯಿಗೆ ಹೊಂದಿಕೊಂಡಿರುವ ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳಲ್ಲಿ ಜನವಸತಿ ಹಾಗೂ ರಾಸಾಯನಿಕ ಉದ್ಯಮಗಳು ಒತ್ತೊತ್ತಾಗಿ ಬೆಳೆದಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ಗುರುತಿಸಿದ ತೀವ್ರ ಮಾಲಿನ್ಯಪೀಡಿತ ಕೈಗಾರಿಕಾ ಪ್ರದೇಶಗಳಲ್ಲಿ ಡೊಂಬಿವಲಿ ಮತ್ತು ನವಿಮುಂಬಯಿ ಎರಡೂ ಸೇರಿದ್ದವು. ಇಂಧನದ ದಹನದಿಂದ ಹೊರಬೀಳುವ ಇಂಗಾಲದ ಡೈ ಆಕ್ಸೈಡ್ ಮತ್ತು ಕಸದ ರಾಶಿಗಳಲ್ಲಿ ಹುಟ್ಟುವ ಮಿಥೇನ್ ಕಣ್ಣಿಗೆ ಕಾಣದಿದ್ದರೂ ಭೂಮಿಯ ತಾಪವನ್ನು ಏರಿಸುತ್ತವೆ. ಇವುಗಳನ್ನೇ ಉದ್ಯಮದ ಕಚ್ಚಾವಸ್ತುವನ್ನಾಗಿ ಮಾರ್ಪಡಿಸಬಲ್ಲ ವಿಧಾನಗಳಲ್ಲಿ ಪ್ಲಾಸ್ಮಾ ತಂತ್ರಜ್ಞಾನವೂ ಒಂದು.

ಪ್ಲಾಸ್ಮಾ ಎಂದರೇನು?

ಘನ, ದ್ರವ, ಅನಿಲಗಳ ನಂತರದ ದ್ರವ್ಯದ ನಾಲ್ಕನೆಯ ಸ್ಥಿತಿಯೇ ಪ್ಲಾಸ್ಮಾ. ಮಿಂಚಿನಲ್ಲಿಯೂ ಉರಿಯುತ್ತಿರುವ ಟ್ಯೂಬ್‌ಲೈಟಿನೊಳಗೂ ಇರುವುದು ಇದೇ. ಅನಿಲದ ಮೂಲಕ ಪ್ರಬಲ ವಿದ್ಯುತ್ತನ್ನು ಹಾಯಿಸಿದಾಗ ಅದರ ಕಣಗಳಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ಕೇವಲ ಶಾಖದಿಂದ ಇಂಗಾಲದ ಡೈ ಆಕ್ಸೈಡನ್ನು ಗಣನೀಯವಾಗಿ ಒಡೆಯಲು 2,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಉಷ್ಣತೆ ಬೇಕು. ಶೀತಲ ಪ್ಲಾಸ್ಮಾದಲ್ಲಾದರೋ ಅನಿಲವು ಅಷ್ಟು ಕಾಯಬೇಕಾಗಿಲ್ಲ. ವೇಗವಾಗಿ ಚಲಿಸುವ ಎಲೆಕ್ಟ್ರಾನುಗಳೇ ಅಣುಗಳಿಗೆ ಡಿಕ್ಕಿ ಹೊಡೆದು ಅವುಗಳ ಬಂಧವನ್ನು ಕಡಿಯುತ್ತವೆ.

ಉಪಯುಕ್ತ ಉತ್ಪನ್ನಗಳು

ಕಸದ ದಿಬ್ಬಗಳಿಂದ ಹೊರಡುವ ಅನಿಲದಲ್ಲಿ ಸುಮಾರು ಅರ್ಧದಷ್ಟು ಮಿಥೇನ್ ಇದ್ದು, ಉಳಿದುದು ಬಹುಪಾಲು ಇಂಗಾಲದ ಡೈ ಆಕ್ಸೈಡ್ ಆಗಿರುತ್ತದೆ. ಈ ಎರಡನ್ನು ಪ್ಲಾಸ್ಮಾದಲ್ಲಿ ಹಾಯಿಸಿದರೆ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳ ಮಿಶ್ರಣ ದೊರೆಯುತ್ತದೆ. ಇದರಿಂದ ಮೆಥನಾಲ್ ಮೊದಲಾದ ರಾಸಾಯನಿಕಗಳನ್ನು ತಯಾರಿಸಬಹುದು. ಜಗತ್ತಿನಲ್ಲಿ ಈ ಕಾರ್ಯವು ಬಹುಮಟ್ಟಿಗೆ ಪ್ರಯೋಗಾಲಯ ಮತ್ತು ಪ್ರಾಯೋಗಿಕ ಘಟಕಗಳ ಹಂತದಲ್ಲಿದೆ. ಭಾರತದಲ್ಲಿ ಪ್ಲಾಸ್ಮಾದ ಕೈಗಾರಿಕಾ ಬಳಕೆಗಾಗಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯು 1997ರಲ್ಲಿ ಪ್ರತ್ಯೇಕ ಕೇಂದ್ರವೊಂದನ್ನು ತೆರೆಯಿತು. ಆಸ್ಪತ್ರೆಗಳ ತ್ಯಾಜ್ಯವನ್ನು ಪ್ಲಾಸ್ಮಾದಿಂದ ನಾಶಪಡಿಸುವ ಉಪಕರಣವನ್ನು ಆ ಸಂಸ್ಥೆ ರೂಪಿಸಿದೆ.

ವಿದ್ಯುತ್ತಿನ ಲೆಕ್ಕ

ಒಂದು ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡನ್ನು ಒಡೆಯಲು, ಎಳ್ಳಷ್ಟೂ ಶಕ್ತಿ ಪೋಲಾಗದಿದ್ದರೂ, ಸುಮಾರು 1.8 ಯೂನಿಟ್ ವಿದ್ಯುತ್ ಬೇಕು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಉತ್ಪಾದಿಸುವಾಗ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಅಂದರೆ ಅಂತಹ ವಿದ್ಯುತ್ತನ್ನು ಬಳಸಿದಲ್ಲಿ ಒಡೆದುದಕ್ಕಿಂತ ಹೆಚ್ಚು ಅನಿಲ ವಾತಾವರಣವನ್ನು ಸೇರುತ್ತದೆ. ಆದುದರಿಂದ ಸೌರ ಅಥವಾ ಪವನ ವಿದ್ಯುತ್ತಿನಂತಹ ಶುದ್ಧ ಮೂಲವೇ ಇದಕ್ಕೆ ಆಧಾರವಾಗಬೇಕು. ಪ್ಲಾಸ್ಮಾ ಉಪಕರಣಗಳನ್ನು ಶೀಘ್ರವಾಗಿ ಚಾಲನೆಗೊಳಿಸಿ ನಿಲ್ಲಿಸಬಹುದಾದ್ದರಿಂದ, ಬಿಸಿಲು-ಗಾಳಿಗಳೊಡನೆ ಏರಿಳಿಯುವ ವಿದ್ಯುತ್ತಿಗೆ ಅವು ಹೊಂದಿಕೊಳ್ಳಬಲ್ಲವು.

ಸುರಕ್ಷತೆ

ಇಂಗಾಲದ ಮಾನಾಕ್ಸೈಡ್ ವಿಷಕಾರಿ. ಜಲಜನಕ ಸುಲಭವಾಗಿ ಸ್ಫೋಟಿಸುವಂತಹುದು. 2016ರ ಮತ್ತು 2024ರ ಮೇ ತಿಂಗಳುಗಳಲ್ಲಿ ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳು ಪ್ರಾಣಹಾನಿಯನ್ನುಂಟುಮಾಡಿದುದಲ್ಲದೆ ಸುತ್ತಲಿನ ವಸತಿಗಳನ್ನೂ ನಡುಗಿಸಿದವು. ಇಂತಹ ಪ್ರದೇಶದಲ್ಲಿ ಹೊಸ ಘಟಕವನ್ನು ಸ್ಥಾಪಿಸುವ ಮುನ್ನ ವಸತಿಗಳಿಂದ ಸಾಕಷ್ಟು ಅಂತರ, ಸೋರಿಕೆಯ ಮುನ್ಸೂಚನಾ ವ್ಯವಸ್ಥೆ ಮತ್ತು ಕಾರ್ಮಿಕರಿಗೆ ತರಬೇತಿ ಅತ್ಯಗತ್ಯ. ಶುದ್ಧ ವಿದ್ಯುತ್ ಮತ್ತು ಜನರ ಸುರಕ್ಷತೆ ಇವೆರಡೂ ಖಚಿತವಾದಾಗ ಮಾತ್ರ ಈ ತಂತ್ರಜ್ಞಾನವು ನಿಜವಾಗಿ ಲಾಭದಾಯಕವೆನಿಸುವುದು.