ಎಲೆ ಎಣಿಸುವವರ ಲೆಕ್ಕ

ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿರುವ ಕಸೀನೋ ಹಡಗುಗಳು ಬೆಳಗಾವಿಯವರಿಗಾಗಲಿ ಹುಬ್ಬಳ್ಳಿಯವರಿಗಾಗಲಿ ದೂರವೇನೂ ಅಲ್ಲ. ಅಲ್ಲಿಗೆ ಹೋಗಿ ಬಂದ ತರುಣರು ಒಂದು ಮಾತು ಹೇಳುವುದುಂಟು: "ಉಳಿದವು ಅದೃಷ್ಟದ ಆಟಗಳು, ಬ್ಲ್ಯಾಕ್‌ಜಾಕ್ ಮಾತ್ರ ಲೆಕ್ಕದ ಆಟ. ಎಲೆ ಎಣಿಸಬಲ್ಲವನು ಸೋಲುವುದಿಲ್ಲ." ಜೂಜಿನ ವಿಚಾರ ಈ ಪುಟಗಳಿಗೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಗಣಿತ ಬಲ್ಲ ಮಗನಿಗೆ "ಜೂಜು ಕೆಟ್ಟದ್ದು" ಎಂದಷ್ಟೇ ಹೇಳಿದರೆ ಸಾಲದು. ಅವನಿಗೆ ಗಣಿತದಲ್ಲಿಯೇ ಉತ್ತರ ಕೊಡಬೇಕಾಗುತ್ತದೆ.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ರೂಲೆಟ್ ಚಕ್ರಕ್ಕೆ ನೆನಪೆಂಬುದಿಲ್ಲ. 1913ರ ಆಗಸ್ಟ್ 18ರಂದು ಮಾಂಟೆಕಾರ್ಲೋದಲ್ಲಿ ಗುಂಡು ಸತತವಾಗಿ 26 ಬಾರಿ ಕಪ್ಪು ಮನೆಗೇ ಬಿದ್ದಿತು. ಇನ್ನು ಕೆಂಪು ಬಂದೇ ಬರಬೇಕೆಂದು ಪಣವನ್ನು ಏರಿಸುತ್ತ ಹೋದವರು ಹಣ ಕಳೆದುಕೊಂಡರು. ಇಸ್ಪೀಟಿನ ಕಟ್ಟು ಹಾಗಲ್ಲ. ನಾಲ್ಕು ಎಕ್ಕಗಳೂ ಬಿದ್ದುಹೋದ ಮೇಲೆ, ಮತ್ತೆ ಕಲಸುವ ತನಕ, ಆ ಕಟ್ಟಿನಿಂದ ಇನ್ನೊಂದು ಎಕ್ಕ ಬರುವಂತಿಲ್ಲ. ಕಳೆದುಹೋದದ್ದು ಬರಲಿರುವುದನ್ನು ಬದಲಿಸುತ್ತದೆ.

ಈ ಆಟದಲ್ಲಿ 21ನ್ನು ಮೀರದೆ ಅದರ ಸಮೀಪಕ್ಕೆ ತಲುಪಬೇಕು. ಎಕ್ಕವೂ ಹತ್ತರ ಬೆಲೆಯ ಎಲೆಯೂ ಮೊದಲೇ ಕೈಗೆ ಬಂದರೆ ಆಟಗಾರನಿಗೆ ಒಂದಕ್ಕೆ ಒಂದೂವರೆಯಂತೆ ಹಣ ಸಿಗುವುದು ಹಳೆಯ ನಿಯಮ. ಎಲೆ ಹಂಚುವವನಾದರೋ 17 ಆಗುವವರೆಗೆ ಎಲೆ ತೆಗೆಯಲೇಬೇಕು. ಆದ್ದರಿಂದ ಕಟ್ಟಿನಲ್ಲಿ ದೊಡ್ಡ ಎಲೆಗಳು ಹೆಚ್ಚು ಉಳಿದಿದ್ದರೆ ಆಟಗಾರನಿಗೆ ಅನುಕೂಲ. ಎಣಿಕೆಯೆಂದರೆ 52 ಎಲೆಗಳನ್ನೂ ಬಾಯಿಪಾಠ ಮಾಡುವುದಲ್ಲ. ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡಿಸುವುದು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯುವುದು. ನಡುವಣ ಏಳು, ಎಂಟು, ಒಂಬತ್ತನ್ನು ಬಿಟ್ಟುಬಿಡುವುದು. ಮೊತ್ತ ಏರಿದಾಗ ಪಣವನ್ನೂ ಏರಿಸುವುದು. ಮಗ್ಗಿ ಬಲ್ಲ ಮಕ್ಕಳೂ ಮಾಡಬಹುದಾದ ಲೆಕ್ಕವಿದು. ನಳೋಪಾಖ್ಯಾನದ ಋತುಪರ್ಣನು ತಾರೆಮರದ ಎಲೆಕಾಯಿಗಳನ್ನು ಕಣ್ಣಳತೆಯಲ್ಲೇ ಎಣಿಸಿದ ಪ್ರಸಂಗವನ್ನು ಬಲ್ಲವರಿಗೆ ಇಂತಹ ವಿದ್ಯೆ ಹೊಸದಾಗಿ ತೋರಲಾರದು.

ಇದನ್ನು ಶಾಸ್ತ್ರೀಯವಾಗಿ ಸಾಧಿಸಿ ತೋರಿಸಿದವರು ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್. ಐಬಿಎಂ 704 ಗಣಕಯಂತ್ರದಲ್ಲಿ ಲೆಕ್ಕ ಹಾಕಿ, 1961ರಲ್ಲಿ 10,000 ಡಾಲರುಗಳ ಬಂಡವಾಳದೊಡನೆ ನೆವಾಡಾಕ್ಕೆ ತೆರಳಿದ ಅವರು ಸುಮಾರು 11,000 ಡಾಲರು ಗೆದ್ದರು. ಆ ಬಂಡವಾಳ ಅವರದಲ್ಲ, ಬೇರೆಯವರು ಒದಗಿಸಿದ್ದು ಎಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. 1962ರಲ್ಲಿ ಅವರ ಗ್ರಂಥ ಪ್ರಕಟವಾಯಿತು.

ಇನ್ನು ಸತ್ಯದ ಉಳಿದರ್ಧ. ಎಣಿಕೆಯಿಂದ ದೊರೆಯುವ ಮೇಲುಗೈ ಬಹಳವೆಂದರೆ ನೂರಕ್ಕೆ ಒಂದರಷ್ಟು. ಒಂದು ಆಟಕ್ಕೆ ಸರಾಸರಿ 1,000 ರೂಪಾಯಿ ಪಣವೆಂದುಕೊಳ್ಳೋಣ. ಒಂದು ರಾತ್ರಿ 400 ಆಟಗಳಾದರೆ ನಿರೀಕ್ಷಿತ ಲಾಭ 4,000 ರೂಪಾಯಿ. ಆದರೆ ಅದೃಷ್ಟದ ಏರಿಳಿತ, ಸಂಖ್ಯಾಶಾಸ್ತ್ರದವರು ಮಾನಕ ವಿಚಲನೆ ಎನ್ನುವಂಥದು, ಸುಮಾರು 23,000 ರೂಪಾಯಿ! ಹೀಗಾಗಿ ಒಂದು ತಪ್ಪನ್ನೂ ಮಾಡದ ನಿಪುಣನೂ ನೂರು ರಾತ್ರಿಗಳಲ್ಲಿ ನಲವತ್ತಕ್ಕೂ ಮಿಕ್ಕಿ ಸೋತೇ ಎದ್ದು ಬರುತ್ತಾನೆ. ಹತ್ತು ಸಾವಿರ ಆಟಗಳನ್ನು, ಅಂದರೆ ಗಂಟೆಗೆ 80ರಂತೆ 125 ಗಂಟೆಗಳ ಕಾಲ ಆಡಿದರೆ, ಲಾಭ ಒಂದು ಲಕ್ಷವಾಗಬೇಕು. ಏರಿಳಿತ ಒಂದು ಲಕ್ಷ ಹದಿನೈದು ಸಾವಿರ. ಇಷ್ಟಾದ ಮೇಲೂ ಹೆಚ್ಚುಕಡಿಮೆ ಐವರಲ್ಲಿ ಒಬ್ಬನು ನಷ್ಟದಲ್ಲಿಯೇ ಇರುತ್ತಾನೆ. ಈ ನಡುವೆ ಕೈಯ ಹಣ ಮುಗಿದುಹೋದರೆ ಮೇಲುಗೈಯೂ ಅಲ್ಲಿಗೇ ಮುಗಿಯಿತು. ಮನೆಯ ಬಾಡಿಗೆ, ತಂಗಿಯ ಕಾಲೇಜು ಶುಲ್ಕ ಇವುಗಳಿಂದ ತೆಗೆದ ಹಣಕ್ಕೆ ಹತ್ತು ಸಾವಿರ ಆಟಗಳವರೆಗೆ ಕಾಯುವ ವ್ಯವಧಾನವೆಲ್ಲಿಯದು?

ಕಸೀನೋದವರೂ ಕೈಕಟ್ಟಿ ಕುಳಿತವರಲ್ಲ. 1964ರಲ್ಲಿ ಲಾಸ್ ವೇಗಸ್‌ನವರು ನಿಯಮಗಳನ್ನೇ ಬಿಗಿಗೊಳಿಸಿದರು. ಗಿರಾಕಿಗಳು ಬರುವುದು ಕಡಿಮೆಯಾದಾಗ ಕೆಲವೇ ವಾರಗಳಲ್ಲಿ ಹಿಂದೆಗೆದುಕೊಂಡರು. ಎಣಿಸುವವರು ಕೆಲವರೇ, ಎಣಿಸಬಲ್ಲೆವೆಂದು ನಂಬಿ ಬರುವವರು ಬಹಳ ಎಂಬುದು ಅವರಿಗೆ ತಿಳಿದುಹೋಯಿತು. ಎಣಿಸುವವರನ್ನು ಹೊರಗೆ ಹಾಕಬಾರದೆಂದು ನ್ಯೂಜೆರ್ಸಿಯ ಉಚ್ಚತಮ ನ್ಯಾಯಾಲಯವು 1982ರಲ್ಲಿ ಕೆನ್ ಉಸ್ಟನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು; ನೆವಾಡಾದಲ್ಲಿ ಆ ರಕ್ಷಣೆ ಇಲ್ಲ. ಆರೆಂಟು ಕಟ್ಟುಗಳನ್ನು ಒಂದಾಗಿಸುವುದು, ಅರ್ಧಕ್ಕೇ ಕಲಸುವುದು, ಒಂದೂವರೆ ಕೊಡುತ್ತಿದ್ದಲ್ಲಿ ಒಂದು ಕಾಲಿಗಿಂತಲೂ ಕಡಿಮೆ ಕೊಡುವುದು ಇಂದು ಅನೇಕ ಕಡೆ ನಡೆದಿದೆ. ಬಿದ್ದ ಎಲೆಗಳನ್ನು ಆಗಿಂದಾಗ್ಗೆ ನುಂಗಿ ಕಲಸುತ್ತಲೇ ಇರುವ ಯಂತ್ರಗಳೂ ಬಂದಿವೆ. ಅಂತಹ ಮೇಜಿನಲ್ಲಿ ಕಟ್ಟಿನ ನೆನಪೇ ಅಳಿಸಿಹೋಗುವುದರಿಂದ, ಎಣಿಸಿದವನಿಗೂ ಎಣಿಸದವನಿಗೂ ವ್ಯತ್ಯಾಸವಿಲ್ಲ.