ಎಕ್ಸೆಲ್ ಶೀಟಿನ ಕೊನೆಯ ಸಾಲು

ಗೇಮ್ ಆಡುವ ಹುಡುಗರ ಬಾಯಲ್ಲಿ ‘ಓಪಿ’ ಎಂಬ ಪದ ನೀವು ಕೇಳಿರುತ್ತೀರಿ. ಆಸ್ಪತ್ರೆಯ ಓಪಿಡಿಗೂ ಇದಕ್ಕೂ ಸಂಬಂಧವಿಲ್ಲ. ಓವರ್‌ಪವರ್ಡ್ ಎಂಬುದರ ಗಿಡ್ಡ ರೂಪ. ಆಟದ ಸಮತೋಲವನ್ನೇ ಕೆಡಿಸುವಷ್ಟು ಬಲವಿರುವ ಕತ್ತಿಯೋ ಕವಚವೋ ಸಿಕ್ಕರೆ ಅದು ಓಪಿ. ಎಷ್ಟು ಓಪಿ ಎಂದು ಕೇಳಿದರೆ ಮಾತ್ರ ಎಲ್ಲರೂ ‘ಸಿಕ್ಕಾಪಟ್ಟೆ’ ಎಂದು ಕೈ ತೊಳೆದುಕೊಳ್ಳುತ್ತಾರೆ. ನಾನು ವಿಮಾ ಕಂಪನಿಯಲ್ಲಿ ಕೆಲಸ ಮಾಡುವವನು. ಸಿಕ್ಕಾಪಟ್ಟೆ ಎಂಬ ಅಂಕಿ ನನಗೆ ಒಗ್ಗುವುದಿಲ್ಲ. ಹಾಗಾಗಿ 2020ರ ಬೇಸಿಗೆಯಲ್ಲಿ ನಾಗಪುರದ ಬಾಡಿಗೆ ಮನೆಯಲ್ಲಿ ಕೂತು ಅದನ್ನು ಲೆಕ್ಕ ಹಾಕಿದೆ. ಆ ಲೆಕ್ಕದಿಂದ ಏನಾಯಿತು ಎನ್ನುವುದನ್ನು ಹೇಳಬೇಕು.

ಹುಬ್ಬಳ್ಳಿಯಿಂದ ವರ್ಗವಾಗಿ ಇಲ್ಲಿಗೆ ಬಂದು ಆಗ ನಾಲ್ಕು ವರ್ಷ. ಲಾಕ್‌ಡೌನ್ ಬಂತು, ಆಫೀಸು ಮನೆಗೆ ಬಂತು. ಮೇ ತಿಂಗಳ ನಾಗಪುರ ಹೇಗಿರುತ್ತದೆಂದು ಇಲ್ಲಿ ಇದ್ದವರಿಗೇ ಗೊತ್ತು: 45 ಡಿಗ್ರಿ ದಾಟಿದ ಬಿಸಿಲು, ಕಿಟಕಿಗೆ ಕಟ್ಟಿದ ದೊಡ್ಡ ಕೂಲರ್, ಅದರ ಲಾವಂಚದ ವಾಸನೆ, ಅದರ ಗದ್ದಲ. ಶನಿವಾರ ರಾತ್ರಿ ಹತ್ತಕ್ಕೆ ನಾವು ನಾಲ್ವರು ಆನ್‌ಲೈನ್ ಸೇರುತ್ತಿದ್ದೆವು. ಪುಣೆಯಲ್ಲೊಬ್ಬ, ಬೆಂಗಳೂರಲ್ಲೊಬ್ಬ, ಇಬ್ಬರೂ ಕಾಲೇಜು ಗೆಳೆಯರು. ನಾಲ್ಕನೆಯವನು ಹುಬ್ಬಳ್ಳಿಯಲ್ಲೇ ಉಳಿದ ನನ್ನ ಚಿಕ್ಕಪ್ಪನ ಮಗ. ನಾನು ಮೈಕ್ ಆನ್ ಮಾಡಿದ ಕೂಡಲೇ ಅವನು ಕೇಳುತ್ತಿದ್ದದ್ದು ಒಂದೇ: ‘ಅಣ್ಣಾ, ಹೆಲಿಕಾಪ್ಟರ್‌ದಾಗ ಕುಂತೀಯೇನು?’ ವಾರದಲ್ಲಿ ಮನೆಯಾಚೆ ಕನ್ನಡ ಮಾತಾಡುತ್ತಿದ್ದದ್ದು ನನಗೆ ಆ ಮೂರು ತಾಸು ಮಾತ್ರ.

ಆಡುತ್ತಿದ್ದದ್ದು ಡಯಾಬ್ಲೊ 3. ಬ್ಲಿಝರ್ಡ್ ಕಂಪನಿ 2012ರಲ್ಲಿ ಬಿಟ್ಟ ಆಟ. ಹಳೆಯದು, ಆದರೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತಿತ್ತು. ಒಂದು ತಂಡದಲ್ಲಿ ನಾಲ್ಕೇ ಜನ. ಒಬ್ಬೊಬ್ಬರ ಮೈಮೇಲೆ ಹದಿಮೂರು ಜಾಗ: ಶಿರಸ್ತ್ರಾಣದಿಂದ ಬೂಟಿನವರೆಗೆ, ಎರಡು ಉಂಗುರ, ಒಂದು ಹಾರ, ಎರಡು ಕೈಗೆ ಎರಡು ಆಯುಧ. ಒಂದೇ ಸೆಟ್ಟಿನ ಆರು ವಸ್ತು ಜೋಡಿಸಿದರೆ ವಿಶೇಷ ಬಲ ಬರುತ್ತದೆ. ಆ ಬಲದ ಅಂಕಿಗಳನ್ನು ನೋಡಿದರೆ ಸಂಬಳದಾರನ ತಲೆ ತಿರುಗಬೇಕು. ಪುಣೆಯ ಗೆಳೆಯನ ಡೀಮನ್ ಹಂಟರ್ ತೊಡುತ್ತಿದ್ದ ‘ಶ್ಯಾಡೋಸ್ ಮ್ಯಾಂಟಲ್’ ಸೆಟ್ಟಿನ ಕೊನೆಯ ಬೋನಸ್ಸಿನಲ್ಲಿ, ಇಂಪೇಲ್ ಎಂಬ ಚೂರಿ ಎಸೆತಕ್ಕೆ ಹೆಚ್ಚುವರಿ ಶೇ. 75,000 ಆಯುಧ ಬಲ ಎಂದು ಬರೆದಿರುತ್ತದೆ. ಎಪ್ಪತ್ತೈದು ಸಾವಿರ! ಬ್ಲಿಝರ್ಡ್‌ನವರು ಪ್ಯಾಚ್ ಮೇಲೆ ಪ್ಯಾಚ್ ಬಿಟ್ಟು ಇಂಥ ಅಂಕಿಗಳನ್ನು ಉಬ್ಬಿಸುತ್ತಲೇ ಬಂದರು.

ಈ ಶೇಕಡಾಗಳನ್ನು ಹಾಗೇ ನಂಬುವಂತಿಲ್ಲ. ಕೆಲವು ಒಂದಕ್ಕೊಂದು ಕೂಡುತ್ತವೆ, ಕೆಲವು ಗುಣಿಸುತ್ತವೆ. ಬಟ್ಟೆ ಅಂಗಡಿಯ ‘50+40 ಡಿಸ್ಕೌಂಟ್’ ಬೋರ್ಡು ನೆನಪಿಸಿಕೊಳ್ಳಿ. ಅದು ತೊಂಬತ್ತಲ್ಲ, ಎಪ್ಪತ್ತು. ಆಟದಲ್ಲಿ ಇದೇ ಮೋಸ ಬೇರೆ ವೇಷದಲ್ಲಿ ಬರುತ್ತದೆ. ಕ್ರಿಟಿಕಲ್ ಹೊಡೆತ ಬೀಳುವ ಸಂಭವ ಶೇ. 50, ಬಿದ್ದಾಗ ಸಿಗುವ ಹೆಚ್ಚುವರಿ ಬಲ ಶೇ. 400 ಎಂದಿಟ್ಟುಕೊಳ್ಳಿ, ಸರಾಸರಿ ಹೊಡೆತ ಮೂರು ಪಟ್ಟು. ಈಗ ಹಾರದ ಮೇಲೆ ಇನ್ನೊಂದು ಶೇ. 50 ಬಲ ಸಿಕ್ಕಿತು ಅನ್ನಿ. ಮೂರು ಇದ್ದದ್ದು 3.25 ಆಗುತ್ತದೆ. ‘ಐವತ್ತು ಪರ್ಸೆಂಟ್ ಸಿಕ್ಕಿತು’ ಎಂದು ಕುಣಿದವನಿಗೆ ನಿಜವಾಗಿ ಸಿಕ್ಕಿದ್ದು ಎಂಟು ಚಿಲ್ಲರೆ.

ಇನ್ನೊಂದು ಮೋಸ ಸಮಯದ್ದು. ಕನ್ವೆನ್ಷನ್ ಆಫ್ ಎಲಿಮೆಂಟ್ಸ್ ಎಂಬ ಉಂಗುರ ಬೆಂಕಿ, ಮಂಜು, ಮಿಂಚು ಹೀಗೆ ಒಂದೊಂದು ತತ್ವಕ್ಕೆ ನಾಲ್ಕು ನಾಲ್ಕು ಸೆಕೆಂಡು ಸರದಿಯಂತೆ ಶೇ. 200 ಬಲ ಕೊಡುತ್ತದೆ. ನನ್ನ ವಿಝರ್ಡ್‌ಗೆ ನಾಲ್ಕು ತತ್ವ. ಹದಿನಾರು ಸೆಕೆಂಡಿನಲ್ಲಿ ನಾಲ್ಕು ಸೆಕೆಂಡು ನಾನು ಮೂರು ಪಟ್ಟು ಶೂರ, ಉಳಿದ ಹನ್ನೆರಡು ಸೆಕೆಂಡು ಮಾಮೂಲಿ. ಸರಾಸರಿ ಒಂದೂವರೆ ಪಟ್ಟು. ಮಾಂಕ್‌ಗೆ ಐದು ತತ್ವ, ಆದ್ದರಿಂದ ಅದೇ ಉಂಗುರ ಅವನಿಗೆ 1.4 ಪಟ್ಟು ಮಾತ್ರ. ಉಂಗುರ ಒಂದೇ, ಬೆರಳು ಬೇರೆ.

ರಕ್ಷಣೆಯ ಲೆಕ್ಕದಲ್ಲಿ ಮೋಸ ಉಲ್ಟಾ. 2019ರಲ್ಲಿ ಮತ್ತೆ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ, 60ನೇ ಮಟ್ಟದ ಶತ್ರುವಿನ ಎದುರು 5,500 ಆರ್ಮರ್ ಇದ್ದರೆ ಅರ್ಧ ಏಟು ತಪ್ಪುತ್ತದೆ. 11,000ಕ್ಕೆ ಏರಿಸಿದರೆ ಮೂರರಲ್ಲಿ ಎರಡು ಪಾಲು, 16,500ಕ್ಕೆ ಮುಕ್ಕಾಲು. ‘ಮೊದಲು ಐವತ್ತು ಸಿಕ್ಕಿತು, ಆಮೇಲೆ ಹದಿನೇಳು, ಆಮೇಲೆ ಎಂಟು, ದುಡ್ಡು ದಂಡ’ ಎಂದು ಹುಡುಗರು ಬಯ್ಯುತ್ತಾರೆ. ಎಷ್ಟು ಏಟು ತಿಂದು ಬದುಕುತ್ತೀರಿ ಎಂದು ಎಣಿಸಿ ನೋಡಿ: ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು. ಪ್ರತಿ 5,500ಕ್ಕೂ ಸರಿಯಾಗಿ ಇನ್ನೊಂದು ಜೀವ. ಎಂಟು ಎಂದು ಮೂಗು ಮುರಿದದ್ದೂ ಮೊದಲಿನ ಐವತ್ತರಷ್ಟೇ ಕೆಲಸ ಮಾಡುತ್ತಿರುತ್ತದೆ.

ಹಾಗಾದರೆ ಅಳೆಯಲು ನಂಬಬಹುದಾದ ಗಜಕೋಲು ಯಾವುದು? ಡಯಾಬ್ಲೊ 3ರಲ್ಲಿ ಅದು ಆಟದೊಳಗೇ ಇದೆ, ಅದರ ಹೆಸರು ಗ್ರೇಟರ್ ರಿಫ್ಟ್. ಹದಿನೈದು ನಿಮಿಷದೊಳಗೆ ರಾಕ್ಷಸರನ್ನು ಕೊಂದು ಪಟ್ಟಿ ತುಂಬಿಸಬೇಕು, ಕೊನೆಗೆ ಬರುವ ಗಾರ್ಡಿಯನ್‌ನನ್ನೂ ಮುಗಿಸಬೇಕು. ಒಟ್ಟು 150 ಮಟ್ಟಗಳು. ಒಂದು ಮಟ್ಟ ಏರಿದರೆ ರಾಕ್ಷಸರ ಆಯುಷ್ಯ ಶೇ. 17 ಏರುತ್ತದೆ, ಅದೂ ಚಕ್ರಬಡ್ಡಿಯಂತೆ. ಹತ್ತು ಮಟ್ಟ ಏರಿದರೆ 4.8 ಪಟ್ಟು. ಇದು ಗೊತ್ತಾದ ಮೇಲೆ ದಾರಿ ಸಲೀಸು: ಯಾವುದೇ ಸೆಟ್ ನಿಮ್ಮ ಹೊಡೆತವನ್ನು ಎಷ್ಟು ಪಟ್ಟು ಮಾಡುತ್ತದೋ ಅದರ ಲಾಗ್ ತೆಗೆದು 1.17ರ ಲಾಗ್‌ನಿಂದ ಭಾಗಿಸಿ. ಪಿಯುಸಿಯಲ್ಲಿ ಕ್ಲಾರ್ಕ್ಸ್ ಟೇಬಲ್ ತಿರುವಿ ಹಾಕಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅನ್ನಿ. ಎರಡು ಪಟ್ಟು ಎಂದರೆ 4.4 ಮಟ್ಟ. ಹತ್ತು ಪಟ್ಟು ಎಂದರೆ 14.7. ನನ್ನ ಉಂಗುರ ಎರಡೂವರೆ ಮಟ್ಟದ್ದು. ಕುಣಿಸಿದ ಹಾರ ಅರ್ಧ ಮಟ್ಟದ್ದು. ಆ ಎಪ್ಪತ್ತೈದು ಸಾವಿರ? ಇಂಪೇಲ್‌ನ ಮೂಲ ಬಲವೇ ಶೇ. 750; ಅದಕ್ಕೆ 75,000 ಕೂಡಿದರೆ 101 ಪಟ್ಟು. ಅಂದರೆ 29 ಮಟ್ಟ. ದೊಡ್ಡದೇ, ಸಂಶಯವಿಲ್ಲ. ಆದರೆ ಸೊನ್ನೆಗಳನ್ನು ಕಂಡು ಊಹಿಸಿದಷ್ಟಲ್ಲ, ಮತ್ತು ಅದು ಚೂರಿ ಮೊದಲು ತಾಗಿದ ಒಬ್ಬನೇ ರಾಕ್ಷಸನಿಗೆ. ಗುಂಪಿನ ನಡುವೆ ಆ ಸೆಟ್ಟು ಮದುವೆ ಮನೆಯಲ್ಲಿ ಒಬ್ಬೊಬ್ಬರಿಗೇ ಬಡಿಸಿದಂತೆ.

ಈ ಗಜಕೋಲು ಸಿಕ್ಕ ಸಂಭ್ರಮದಲ್ಲಿ ನಾನು ನಾಲ್ವರ ಗೇರನ್ನೂ ಎಕ್ಸೆಲ್‌ಗೆ ಹಾಕಿದೆ. ಡಯಾಬ್ಲೊದಲ್ಲಿ ಯಾರು ಎಷ್ಟು ಹೊಡೆದರು ಎಂದು ತೋರಿಸುವ ಮೀಟರ್ ಇಲ್ಲ, ಹಾಗಾಗಿ ಲೆಕ್ಕ ಹಾಕಿದವನ ಮಾತೇ ಮಾತು. ಆಯುಧ, ಮುಖ್ಯ ಗುಣ, ಕ್ರಿಟಿಕಲ್, ಸೆಟ್ ಬೋನಸ್, ಎಲ್ಲ ಗುಣಿಸಿ, ತಂಡದ ಸರಾಸರಿಯಿಂದ ಭಾಗಿಸಿ, ‘ಓಪಿ ಅಂಕ’ ಎಂದು ಒಂದು ಕಾಲಂ ಮಾಡಿದೆ. ಬೆಂಗಳೂರಿನವನ ಬಾರ್ಬೇರಿಯನ್ ಮೊದಲು, ಪುಣೆ ಎರಡು, ನಾನು ಮೂರು. ಕೊನೆಯ ಸಾಲಿನಲ್ಲಿ ತಮ್ಮನ ಮಾಂಕ್: 0.02.

ಅವನು ತೊಟ್ಟಿದ್ದದ್ದು ಇನ್ನಾ ಸೆಟ್. ಮಾಂಕ್‌ನ ನಾಲ್ಕು ಮಂತ್ರಗಳ ಪರಿಣಾಮವನ್ನೂ ಒಟ್ಟಿಗೆ ಕೊಡುವ ಸೆಟ್ ಅದು (ಮಂತ್ರ ಎಂದೇ ಹೆಸರಿಟ್ಟಿದ್ದಾರೆ, ಅವನಿಗೆ ಅದೇ ಖುಷಿ). ನಮ್ಮ ಗಾಯ ವಾಸಿ ಮಾಡುವುದು, ಸೈಕ್ಲೋನ್ ಸ್ಟ್ರೈಕ್ ಬೀಸಿ ಸುತ್ತಲಿನ ರಾಕ್ಷಸರನ್ನು ತನ್ನ ಕಾಲಬುಡಕ್ಕೆ ಎಳೆದುಕೊಳ್ಳುವುದು, ಇಷ್ಟೇ ಅವನ ಕೆಲಸ. ಹೊಡೆತ ನಾಮಕಾವಾಸ್ತೆ. ನಾನು ಶೀಟನ್ನು ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದೆ: ‘ಒಬ್ಬರು ಫ್ರೀ ಪಾಸ್‌ನಲ್ಲಿ ಓಡಾಡ್ತಿದಾರೆ.’ ಇಬ್ಬರು ನಗುವ ಮುಖ ಒತ್ತಿದರು. ಅವನು ಏನೂ ಬರೆಯಲಿಲ್ಲ. ಮುಂದಿನ ಶನಿವಾರ ಬೇರೆ ಸೆಟ್ ತೊಟ್ಟು ಬಂದ, ಅದು ಅರೆಬರೆ ಜೋಡಿಸಿದ್ದು, ನಾಲ್ಕು ಸಲ ಸತ್ತ. ಅದರ ಮುಂದಿನ ಶನಿವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಏಪ್ರಿಲ್‌ನಿಂದ ಅವನಿಗೆ ಸಂಬಳ ನಿಂತಿತ್ತು, ಮೇ ಕೊನೆಗೆ ಕೆಲಸವೇ ಹೋಗಿತ್ತು ಎಂಬುದು ನನಗೆ ಚಿಕ್ಕಮ್ಮನಿಂದ ತಿಳಿದದ್ದು ಜುಲೈನಲ್ಲಿ. ಫ್ರೀ ಪಾಸ್ ಎಂಬ ಮಾತು ಅವನ ಫೋನಿಗೆ ಯಾವ ವಾರ ಹೋಗಿತ್ತು ಎಂದು ಆಗ ತಾರೀಖು ನೋಡಿಕೊಂಡೆ.

ಅವನ ಜಾಗಕ್ಕೆ ನಾವು ಬೆಂಗಳೂರಿನವನ ಸಹೋದ್ಯೋಗಿಯೊಬ್ಬನನ್ನು ಸೇರಿಸಿಕೊಂಡಿದ್ದೆವು, ಜೋರು ಹೊಡೆಯುವವ. ನನ್ನ ಶೀಟಿನ ಪ್ರಕಾರ ತಂಡ ಬಲವಾಗಬೇಕಿತ್ತು. ತಮ್ಮ ಇದ್ದಾಗ 92ನೇ ಮಟ್ಟ ಮುಗಿಸಿದ್ದೆವು. ಈಗ 83ರಲ್ಲಿ ಸಮಯ ಮುಗಿಯುತ್ತಿತ್ತು. ಇಂಟರ್ನೆಟ್ಟನ್ನು ಬಯ್ದೆವು, ಹೊಸಬನನ್ನು ಬಯ್ದೆವು. ಬರೀ ಓಡಾಟವಾಗುತ್ತಿತ್ತು: ಇಲ್ಲಿ ಮೂರು ರಾಕ್ಷಸರು, ಅಲ್ಲಿ ಮೂರು, ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ.

ಜುಲೈ ಮಳೆಯಲ್ಲಿ ಕೂಲರ್ ನಿಲ್ಲಿಸಿ ಮತ್ತೆ ಶೀಟ್ ತೆರೆದೆ. ಬಿಟ್ಟುಹೋಗಿದ್ದ ಒಂದು ಅಂಕಿ ಕಣ್ಣಿಗೆ ಬಿತ್ತು: ಏರಿಯಾ ಡ್ಯಾಮೇಜ್. ನೀವು ಹೊಡೆದ ಪ್ರತಿ ಏಟಿಗೂ, ಸುತ್ತ ಹತ್ತು ಗಜದೊಳಗಿನ ಉಳಿದವರಿಗೆ ಆ ಏಟಿನ ಒಂದು ಪಾಲು ಸಿಡಿಯುವ ಸಂಭವ ಶೇ. 20. ನಮ್ಮ ಬಾರ್ಬೇರಿಯನ್‌ಗೆ ಆ ಪಾಲು ಹೆಚ್ಚುಕಡಿಮೆ ಶೇ. 100. ಈಗ ಲೆಕ್ಕ ನೋಡಿ. ಮೂವರು ರಾಕ್ಷಸರು ಹತ್ತಿರ ನಿಂತಿದ್ದರೆ, ಒಂದು ಸುತ್ತು ಬೀಸಿದಾಗ ಪ್ರತಿಯೊಬ್ಬನಿಗೂ ತನ್ನ ಒಂದು ಏಟು, ಜತೆಗೆ ಇಬ್ಬರು ನೆರೆಯವರಿಂದ ಸರಾಸರಿ 0.4. ಒಬ್ಬೊಬ್ಬನಿಗೆ 1.4, ಒಟ್ಟು 4.2 ಏಟು. ಹನ್ನೊಂದು ಜನ ಒಂದೇ ಕಡೆ ಇದ್ದರೆ? ಒಬ್ಬೊಬ್ಬನಿಗೆ 1 ಕೂಡಿಸು 2, ಅಂದರೆ ಮೂರು. ಒಟ್ಟು 33. ಬೀಸಿದ್ದು ಅದೇ ಒಂದು ಸುತ್ತು, ತೊಟ್ಟದ್ದು ಅದೇ ಗೇರು, ಫಲ ಎಂಟು ಪಟ್ಟಿಗೆ ಹತ್ತಿರ. ಗಜಕೋಲಿನಲ್ಲಿ 13 ಮಟ್ಟ.

ರಾಕ್ಷಸರು ತಾವಾಗಿ ಹನ್ನೊಂದು ಜನ ಬಂದು ಗುಂಪಾಗುವುದಿಲ್ಲ. ಯಾರೋ ಎಳೆಯಬೇಕು. ಅದೂ ಅಲ್ಲದೆ ತಮ್ಮ ಸ್ಟ್ರಾಂಗ್‌ಆರ್ಮ್ ಎಂಬ ಮುಂಗೈಪಟ್ಟಿ ತೊಡುತ್ತಿದ್ದ. ಅವನು ಎಳೆದ ರಾಕ್ಷಸರು ಆರು ಸೆಕೆಂಡು ಯಾರ ಕೈಯಿಂದಲಾದರೂ ಶೇ. 30ರವರೆಗೆ ಹೆಚ್ಚು ಏಟು ತಿನ್ನುತ್ತಿದ್ದರು. ಅದು ಇನ್ನೂ ಒಂದೂವರೆ ಮಟ್ಟಕ್ಕಿಂತ ಹೆಚ್ಚು, ನಮ್ಮ ಮೂವರಿಗೂ. ಅವನ ಗೇರಿನ ಬಲ ಅವನ ಸಾಲಿನಲ್ಲಿ ಇರಲೇ ಇಲ್ಲ, ನಮ್ಮ ಮೂರು ಸಾಲುಗಳಲ್ಲಿ ಹಂಚಿಕೊಂಡು ಕೂತಿತ್ತು. ನಾನು ಬಾರ್ಬೇರಿಯನ್‌ನ ಹೆಸರಿಗೆ ಬರೆದ ಓಪಿ ಅಂಕದ ಬಹುಪಾಲು ಮಾಂಕ್‌ನದು. ದೊಡ್ಡ ತಂಡಗಳು ಹೊಡೆತವೇ ಇಲ್ಲದ ಇಂಥ ಮಾಂಕ್‌ಗಳನ್ನು ಹುಡುಕಿ ಸೇರಿಸಿಕೊಳ್ಳುತ್ತವೆ ಎಂಬುದು ಆಟ ಬಲ್ಲವರಿಗೆಲ್ಲ ಗೊತ್ತಿದ್ದ ಸಂಗತಿ. ನನಗೂ ಗೊತ್ತಿತ್ತು ಅನ್ನಿಸುತ್ತದೆ. ಆದರೆ ಕಾಲಂ ಮಾಡುವಾಗ ಒಬ್ಬರಿಗೆ ಒಂದು ಸಾಲು ಎಂದು ಹಾಕಿಕೊಂಡು ಕೂತಿದ್ದೆ.

ಕಾಗದದ ಮೇಲೆ 13 ಮಟ್ಟ ಕಂಡರೂ ನಾವು ಬಿದ್ದದ್ದು ಒಂಬತ್ತು ಮಟ್ಟ. ಅದಕ್ಕೂ ಕಾರಣವಿದೆ: ಕೊನೆಯ ಗಾರ್ಡಿಯನ್ ಒಬ್ಬನೇ ಇರುತ್ತಾನೆ, ಅವನಿಗೆ ಗುಂಪಿನ ಲೆಕ್ಕ ನಡೆಯುವುದಿಲ್ಲ; ನಡೆದಾಡುವ ಸಮಯವೂ ಇದೆ. ಇದನ್ನೆಲ್ಲ ಹೊಸ ಶೀಟಿನಲ್ಲಿ ಹಾಕಿದೆ. ಮಾಂಕ್ ಇದ್ದಾಗ, ಇಲ್ಲದಾಗ ಎಂದು ಎರಡೇ ಕಾಲಂ. ಗುಂಪಿಗೆ ಹಾಕುವ ಮೊದಲು ಅವನಿಗೊಬ್ಬನಿಗೇ ಕಳಿಸಿ, ತಪ್ಪಾಯಿತು ಎಂದು ಬರೆದೆ. ನೀಲಿ ಗೀಟು ಬಿತ್ತು. ಉತ್ತರ ಬಂದದ್ದು ಮರುದಿನ ಬೆಳಿಗ್ಗೆ, ನಾನು ತರ‍್ರಿ ಪೋಹಾ ಮುಂದಿಟ್ಟುಕೊಂಡು ಕೂತಾಗ.

‘ಅಣ್ಣಾ, 11 ಯಾಕ್ ಹಿಡದೀ? ನಾ ಇಪ್ಪತ್ತರ ಕೆಳಗ ಎಂದೂ ಎಳದಿಲ್ಲ.’

ಆ ಕೋಶದಲ್ಲಿ 11 ಅಳಿಸಿ 21 ಹಾಕಿದೆ. ಒಬ್ಬೊಬ್ಬನಿಗೆ ಐದು, ಒಟ್ಟು 105. 4.2ರಿಂದ ಭಾಗಿಸಿದರೆ ಸರಿಯಾಗಿ 25 ಪಟ್ಟು. ಇಪ್ಪತ್ತು ಮಟ್ಟದ ಮೇಲೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ಶನಿವಾರ ಹತ್ತಕ್ಕೆ ಬರ್ತೀಯಾ ಎಂದು ಕೇಳಿದೆ.

‘ಲ್ಯಾಪ್‌ಟಾಪ್ ಜೂನ್‌ದಾಗ ಮಾರೀನಲ್ಲ’ ಎಂದು ಬರೆದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜ್: ‘ಕೂಲರ್ ಇನ್ನೂ ಹಂಗ ಸಪ್ಪಳ ಮಾಡತದೇನು?’